ಹಲೋ ಅಕ್ಕ ಕೇಳಿದ ಐದು ಪ್ರಶ್ನೆ

ಆ ದೊಡ್ಡಾಸ್ಪತ್ರೆಯಲ್ಲಿ ಅವಳ ಮುಖ ನೋಡಿ ಗುರುತು ಹಿಡಿಯುವವರು ಕಡಿಮೆ. ದನಿ ಕೇಳಿದರೆ ಮಾತ್ರ ಗೇಟಿನ ಕಾವಲುಗಾರನಿಂದ ಹಿಡಿದು ಹೃದಯದ ಸರ್ಜನ್‌ವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು, ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಳ್ಳುವವರೆಗೂ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಲೈನ್ ಕೊಟ್ಟಿದ್ದಳು. ಯಾರೇ ಫೋನೆತ್ತಲಿ, ಮೊದಲು ಕೇಳುತ್ತಿದ್ದುದು ಅವಳ “ಹಲೋ”. ಹಾಗಾಗಿ ಹೆಸರು ಬದಿಗೆ ಸರಿದು ಹಲೋ ಅಕ್ಕ ಎಂಬುದೇ ನಿಂತಿತು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಡಾಕ್ಟರುಗಳೂ ಅಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವಳ ಗಂಡ, ಬಸ್ ಡಿಪೋದ ಮೆಕ್ಯಾನಿಕ್, “ನಿನ್ನ ತಮ್ಮಂದಿರಿಗೆಲ್ಲ ಬಟ್ಟೆ ಕೊಡಿಸ್ಬೇಕಾಗಿ ಬಂದ್ರೆ ನಾನು ಡಿಪೋ ಮಾರಬೇಕಾಗುತ್ತೆ” ಎನ್ನುತ್ತಿದ್ದ.

ಆಮೇಲೆ ಒಂದು ದಿನ ಲೈನ್ ಜೋಡಿಸುವ ಅವಳ ಹಳೇ ಬೋರ್ಡು ಕಿತ್ತುಹಾಕಿದರು. ಹೊಸ ಯಂತ್ರ ಬಂತು. ಯಾರು ಯಾರಿಗೆ ಬೇಕಾದರೂ ನೇರವಾಗಿ ಗುಂಡಿ ಒತ್ತಿ ಮಾತಾಡಬಹುದಾಯಿತು. ಹಲೋ ಅಕ್ಕನನ್ನು ಮನೆಗೆ ಕಳಿಸುವ ಹಾಗಿರಲಿಲ್ಲ, ಇಟ್ಟುಕೊಂಡು ಏನು ಮಾಡಬೇಕೆಂದೂ ಯಾರಿಗೂ ಹೊಳೆಯಲಿಲ್ಲ. ಕೆಲವು ತಿಂಗಳು ಹಳೇ ಎಕ್ಸ್‌ರೇ ಕವರುಗಳ ಕೋಣೆಯಲ್ಲಿ ಕೂರಿಸಿದರು, ಕೆಲವು ತಿಂಗಳು ರೋಗಿಗಳು ಬಿಟ್ಟುಹೋದ ಛತ್ರಿ, ಚಪ್ಪಲಿ, ಹಲ್ಲಿನ ಸೆಟ್ಟುಗಳನ್ನು ಕಾಯುವುದಕ್ಕೆ ಹಾಕಿದರು. ಮಾತಾಡುವುದಕ್ಕೆ ಜನವಿಲ್ಲದೆ ಅವಳ ಜೀವ ಬಾಡಿತು. ಮನೆಗೆ ಬಂದರೆ ಗಂಡನಿಗೆ ಪುರಸೊತ್ತು ಕೊಡದೆ ಮಾತಾಡುತ್ತಿದ್ದಳು.

ಪ್ರಶ್ನೆ ಡಾಕ್ಟರು ಬಂದದ್ದು ಆ ಕಾಲದಲ್ಲಿ.

ಅವರು ಸಾರ್ವಜನಿಕ ಆರೋಗ್ಯ ವಿಭಾಗದ ಹೊಸ ಡಾಕ್ಟರು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಸ್ಟೆತಾಸ್ಕೋಪು ಹಾಕಿಕೊಳ್ಳುತ್ತಿರಲಿಲ್ಲ, ಯಾರ ನಾಡಿಯನ್ನೂ ಹಿಡಿಯುತ್ತಿರಲಿಲ್ಲ. ಸಿಕ್ಕಸಿಕ್ಕವರಿಗೆ ಪ್ರಶ್ನೆ ಕೇಳುತ್ತಾ ಓಡಾಡುತ್ತಿದ್ದರು. ಅದಕ್ಕೇ ಆ ಹೆಸರು. ಅವರಿಗೆ ವಹಿಸಿದ ಕೆಲಸ ಇದು: ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ಆಸ್ಪತ್ರೆಯ ಸಿಬ್ಬಂದಿಗೆಲ್ಲ ಫ್ಲೂ ಲಸಿಕೆ ಹಾಕುತ್ತಾರಲ್ಲ, ಆ ಲಸಿಕೆಯ ಮೇಲೆ ಸಿಬ್ಬಂದಿಗೆ ಎಷ್ಟು ನಂಬಿಕೆಯಿದೆ ಎಂದು ಅಳೆಯಬೇಕು. ಡಾಕ್ಟರು, ನರ್ಸು, ಲ್ಯಾಬಿನವರು, ಬಟ್ಟೆ ಒಗೆಯುವವರು, ಅಡುಗೆಮನೆಯವರು, ಎಲ್ಲರನ್ನೂ ಕೇಳಬೇಕು.

ಮೊದಲ ಸುತ್ತು ಎಲ್ಲ ಕಡೆ ಮಾಡುವ ಹಾಗೇ ಆಯಿತು. ಐದು ಪ್ರಶ್ನೆಯ ಹಾಳೆ ಹಂಚಿ, ಒಂದರಿಂದ ಐದರವರೆಗೆ ಅಂಕ ಕೊಡಿ ಎಂದರು. ಒಂದು ಎಂದರೆ ನಂಬಿಕೆಯೇ ಇಲ್ಲ, ಐದು ಎಂದರೆ ಪೂರ್ತಿ ನಂಬಿಕೆ. ಹಾಳೆಗಳನ್ನು ವಾರ್ಡಿನ ಹಿರಿಯ ನರ್ಸುಗಳು ಕೂಡಿಸಿ ಕೊಟ್ಟರು. ನೂರಕ್ಕೆ ತೊಂಬತ್ತಾರು ಮಂದಿ ಐದಕ್ಕೆ ಸುತ್ತು ಹಾಕಿದ್ದರು. ಸೂಪರಿಂಟೆಂಡೆಂಟರು ಹಿಗ್ಗಿ, ಆ ಅಂಕಿಯನ್ನು ಬೋರ್ಡಿನ ಮೇಲೆ ಬರೆಸಿ ಮುಂಬಾಗಿಲಲ್ಲಿ ಹಾಕಿಸಬೇಕು ಎಂದರು. ಪ್ರಶ್ನೆ ಡಾಕ್ಟರ ಮುಖದಲ್ಲಿ ಮಾತ್ರ ನಗುವಿರಲಿಲ್ಲ. ಕಾರಣ ಅವರ ಕೈಯಲ್ಲೇ ಇತ್ತು. ಅದೇ ಆಸ್ಪತ್ರೆಯಲ್ಲಿ ಹಿಂದಿನ ವರ್ಷ ಲಸಿಕೆ ಹಾಕಿಸಿಕೊಂಡವರು ಅರ್ಧಕ್ಕಿಂತ ಕಡಿಮೆ.

ಅಷ್ಟು ಹೊತ್ತಿಗೆ ಹಲೋ ಅಕ್ಕನನ್ನು ಅವರ ಸಹಾಯಕ್ಕೆ ಹಾಕಿದ್ದರು, ಬೇರೆ ಯಾರೂ ಬಿಡುವಾಗಿಲ್ಲ ಎಂಬ ಒಂದೇ ಕಾರಣಕ್ಕೆ. ಅವಳು ಹಾಳೆಗಳನ್ನು ಜೋಡಿಸುತ್ತಾ ಕೂತಿದ್ದಳು. ಡಾಕ್ಟರು ಕೈಚೆಲ್ಲಿ, ಇದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಉತ್ತರ ಎಂದು ಬೇಸರಪಟ್ಟುಕೊಂಡರು.

“ಅಡ್ಡಗೋಡೆ ಎಲ್ಲಿ ಬಂತು ಡಾಕ್ಟ್ರೇ, ಹಿರಿಯ ಸಿಸ್ಟರ್ ಎದುರಿಗೇ ನಿಂತಿದ್ರೆ ನಾನೂ ಐದೇ ಹಾಕ್ತಿದ್ದೆ” ಎಂದಳು ಹಲೋ ಅಕ್ಕ. ಆಮೇಲೆ, ಯಾರೂ ಕೇಳದಿದ್ದರೂ, ತನ್ನ ಹಳೇ ಕೋಣೆಯ ಕತೆ ಶುರುಮಾಡಿದಳು. ಎದುರು ಸಿಕ್ಕರೆ ತಲೆಯನ್ನೂ ಅಲ್ಲಾಡಿಸದವರು ಫೋನಿನಲ್ಲಿ ಮಗನ ಪರೀಕ್ಷೆಯ ಫಲಿತಾಂಶದಿಂದ ಹಿಡಿದು ಗಂಡನ ಗೊರಕೆಯವರೆಗೆ ಹೇಳಿಕೊಳ್ಳುತ್ತಿದ್ದರಂತೆ. ಲೈನು ಸಿಗುವವರೆಗಿನ ಆ ಸ್ವಲ್ಪ ಹೊತ್ತು ಸಾಕಾಗುತ್ತಿತ್ತಂತೆ. “ಮುಖ ಕಾಣದಿದ್ರೆ ಮನುಷ್ಯರಿಗೆ ಬಾಯಿ ಬರುತ್ತೆ.”

ಪ್ರಶ್ನೆ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಎದ್ದವರು ಕೋಣೆಯೊಳಗೇ ಎರಡು ಸುತ್ತು ಹಾಕಿದರು. ಫೋನಿನಲ್ಲಿ ಕೇಳಿದರೆ ಜನ ಹೆಚ್ಚು ಬಿಚ್ಚಿ ಹೇಳುತ್ತಾರೆಂದು ಅವರೂ ಓದಿದ್ದರು; ಆದರೆ ಕೇಳುವವರು ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. ಈಗ ಉತ್ತರ ಎದುರಿಗೇ ಕೂತು ಹಾಳೆಗೆ ಪಿನ್ನು ಚುಚ್ಚುತ್ತಿತ್ತು.

ಸಂಜೆಯೊಳಗೆ ಇಬ್ಬರೂ ಸೇರಿ ಉಪಾಯ ಹೆಣೆದರು. ಆಸ್ಪತ್ರೆಯ ಪ್ರತಿಯೊಬ್ಬರೂ ಒಂದು ಡಬ್ಬಿಗೆ ಕೈಹಾಕಿ ಚೀಟಿ ಎತ್ತಬೇಕು. ಚೀಟಿಯಲ್ಲಿ ಫೋನ್ ನಂಬರು, ಮಾಡಬೇಕಾದ ಹೊತ್ತು, ಇಷ್ಟೇ. ಯಾರ ಚೀಟಿ ಯಾವುದೆಂದು ಯಾರಿಗೂ ತಿಳಿಯದು. ಬೇಕಿದ್ದವರು ಮಾಡಬಹುದು, ಬೇಡದವರು ಹರಿದು ಹಾಕಬಹುದು. ಹೆಸರಿಲ್ಲ, ವಾರ್ಡಿಲ್ಲ. ಆದರೆ ಒಂದು ತೊಡಕಿತ್ತು, ಅದನ್ನು ಹಲೋ ಅಕ್ಕನೇ ಬಾಯಿಬಿಟ್ಟು ಹೇಳಿದಳು: ಹೆಸರು ಹೇಳದಿದ್ದರೂ ಅರ್ಧಕ್ಕರ್ಧ ಜನರ ದನಿ ತನಗೆ ಗೊತ್ತಾಗಿಬಿಡುತ್ತದೆ. ಡಾಕ್ಟರು ಬಹಳ ಹೊತ್ತು ಯೋಚಿಸಿ, ಅದನ್ನು ಮುಚ್ಚಿಡಬಾರದು, ಫೋನ್ ಎತ್ತಿದ ಕೂಡಲೇ ಹೇಳಿಬಿಡೋಣ ಎಂದರು.

ಇನ್ನು ತರಬೇತಿ. ಅದು ಹಲೋ ಅಕ್ಕ ಎಣಿಸಿದಷ್ಟು ಸಲೀಸಾಗಿರಲಿಲ್ಲ. ಪ್ರತಿಯೊಬ್ಬರಿಗೂ ಪ್ರಶ್ನೆಯನ್ನು ಅದೇ ಪದಗಳಲ್ಲಿ, ಅದೇ ಏರಿಳಿತದಲ್ಲಿ ಕೇಳಬೇಕು. ಉತ್ತರ ಬಂದಾಗ ಅಯ್ಯೋ ಅನ್ನುವಂತಿಲ್ಲ, ಹೌದಾ ಅನ್ನುವಂತಿಲ್ಲ, ಒಳ್ಳೆಯದು ಅನ್ನುವಂತೆಯೂ ಇಲ್ಲ. ಹುಟ್ಟಿದಾಗಿನಿಂದ ಅಯ್ಯೋ ಅನ್ನದೆ ಒಂದು ಮಾತು ಮುಗಿಸದವಳು ಅವಳು. ಎರಡನೇ ದಿನಕ್ಕೇ ಬೆವರಿಳಿಯಿತು.

“ಅಕ್ಕ, ನಿಮ್ಮ ‘ಹೂಂ’ ಇದೆಯಲ್ಲ, ಅದೂ ಒಂದು ಅಭಿಪ್ರಾಯಾನೇ” ಎಂದರು ಡಾಕ್ಟರು. “ಅದನ್ನ ಕೇಳಿದೋರು ಮುಂದಿನ ಪ್ರಶ್ನೆಗೆ ನಿಮಗೆ ಬೇಕಾದ ಉತ್ತರ ಕೊಡ್ತಾರೆ. ನಮಗೆ ಅವರ ಉತ್ತರ ಬೇಕು.”

ಮನೆಯಲ್ಲಿ ಗಂಡನ ಮೇಲೆ ಅಭ್ಯಾಸ ನಡೆಯಿತು. ಅವನು ಗ್ರೀಸು ಮೆತ್ತಿದ ಕೈಯಲ್ಲೇ ಬಾಗಿಲಲ್ಲಿ ನಿಂತು, ಅವಳು ಈ ಲಸಿಕೆ ನಿಮ್ಮ ದೇಹಕ್ಕೆ ಸುರಕ್ಷಿತ ಅನ್ನೋದನ್ನ ನೀವು ಎಷ್ಟು ನಂಬುತ್ತೀರಿ ಎಂದು ಗಂಭೀರವಾಗಿ ಕೇಳಿದರೆ, ಊಟಕ್ಕೆ ಮೊದಲು ಎರಡು, ಊಟ ಆದಮೇಲೆ ಐದು ಎನ್ನುತ್ತಿದ್ದ. ಅವಳಿಗೆ ನಗು ಒತ್ತರಿಸಿಕೊಂಡು ಬರುತ್ತಿತ್ತು. ತುಟಿ ಕಚ್ಚಿಕೊಂಡು, “ಉತ್ತರಕ್ಕೆ ಥ್ಯಾಂಕ್ಸ್. ಮುಂದಿನ ಪ್ರಶ್ನೆ” ಎನ್ನುವುದನ್ನು ಕಲಿತಳು. ಪಕ್ಕದ ಮನೆಯಲ್ಲೇ ಇದ್ದ ತಂಗಿ ಈ ಆಟವನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು ನಗುತ್ತಿದ್ದಳು.

ಈ ತಂಗಿಯ ಬಗ್ಗೆ ಹೇಳಬೇಕು. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅಕ್ಕನೇ ತಲೆ ಬಾಚಿ, ಬೈದು, ಓದಿಸಿ, ನರ್ಸಿಂಗಿಗೆ ಸೇರಿಸಿದ್ದಳು. ಈಗ ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅವಳಿಗೆ ಕೆಲಸ. ಸೂಜಿ ಕಂಡರೆ ಆಸ್ಪತ್ರೆ ಎತ್ತಿ ಇಡುವ ಹಾಗೆ ಅಳುವ ಮಕ್ಕಳೂ ಅವಳ ಕೈಗೆ ತೋಳು ಕೊಡುತ್ತಿದ್ದವು. ಮದುವೆಯಾಗಿ ಏಳೆಂಟು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಎರಡು ಸಲ ಬಸಿರು ನಿಂತು, ಇಳಿದುಹೋಗಿತ್ತು. ಆ ಮಾತನ್ನು ಅಕ್ಕತಂಗಿಯರಿಬ್ಬರೂ ಎತ್ತುತ್ತಿರಲಿಲ್ಲ. ಉಳಿದಂತೆ ಗುಟ್ಟೆಂಬುದು ಅವರಿಬ್ಬರ ನಡುವೆ ಇರಲಿಲ್ಲ ಎಂದೇ ಹಲೋ ಅಕ್ಕ ತಿಳಿದಿದ್ದಳು.

ಫೋನಿನ ಸುತ್ತು ಶುರುವಾದ ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟುಕೊಂಡು ಹೋದಳು. ಫೋನಿನಲ್ಲಿ ಸೀರೆ ಯಾರಿಗೆ ಕಾಣುತ್ತೆ ಎಂದ ಗಂಡನಿಗೆ, ದನಿಗೆ ಗೊತ್ತಾಗುತ್ತೆ ಎಂದಳು. ಅವಳ ಹಳೇ ಕೋಣೆಯನ್ನೇ ಗುಡಿಸಿ ಕೊಟ್ಟಿದ್ದರು. ಮೇಜು, ಫೋನು, ಒಂದು ಹೂಜಿ ನೀರು. ಮೊದಲ ಗಂಟೆ ಯಾರೂ ಮಾಡಲಿಲ್ಲ. ಬಾಗಿಲಾಚೆ ಪ್ರಶ್ನೆ ಡಾಕ್ಟರು ಶತಪಥ ತಿರುಗುತ್ತಿದ್ದರು. ಆಮೇಲೆ ಒಂದು ಫೋನು ಬಂತು, ಅದು ಮುಗಿಯುತ್ತಲೇ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ನೀರು ಕುಡಿಯಲೂ ಪುರಸೊತ್ತಿಲ್ಲ.

ಎಂತೆಂಥ ಮಾತು ಬಂದವು! ಐದೂ ಪ್ರಶ್ನೆಗೆ ಐದೈದು ಕೊಟ್ಟು, ಆದರೂ ನಾನು ಹಾಕಿಸಿಕೊಂಡಿಲ್ಲ, ಬೆಳಿಗ್ಗೆ ಹತ್ತರಿಂದ ಹನ್ನೆರಡಕ್ಕೆ ಆ ಕಟ್ಟಡದಲ್ಲಿ ಲಸಿಕೆ ಹಾಕಿದರೆ ಈ ಕಟ್ಟಡದ ರೋಗಿಯನ್ನು ಯಾರ ಕೈಗೆ ಒಪ್ಪಿಸಿ ಬರಲಿ ಎಂದವರಿದ್ದರು. ಬಟ್ಟೆ ಒಗೆಯುವ ವಿಭಾಗದ ಒಬ್ಬರು, ನಮಗೆ ಕೊಡುವುದು ಹೋದ ವರ್ಷ ಉಳಿದದ್ದಂತೆ, ಡಾಕ್ಟರುಗಳಿಗೆ ಬೇರೆ ಹೊಸದಂತೆ ಎಂದರು. ಹಾಕಿಸಿಕೊಂಡ ಮರುದಿನ ಮೈ ಬಿಸಿಯಾಯಿತು, ರಜ ಹಾಕಿದ್ದಕ್ಕೆ ಬೈಸಿಕೊಂಡೆ, ಆ ಬೈಗುಳಕ್ಕೆ ಲಸಿಕೆ ಇದ್ದರೆ ಕೊಡಿ ಎಂದ ಒಬ್ಬಳ ಮಾತಿಗೆ ಹಲೋ ಅಕ್ಕ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ತುಂಬಾ ದೊಡ್ಡ, ಗುಡುಗಿನಂಥ ದನಿಯೊಂದು, ಸೂಜಿ ಕಂಡರೆ ತನಗೆ ತಲೆ ಸುತ್ತುತ್ತದೆ, ಮೂವತ್ತು ವರ್ಷದಿಂದ ಜನರ ಹೊಟ್ಟೆ ಕೊಯ್ಯುತ್ತಿರುವವನು ಇದನ್ನು ಯಾರಿಗೆ ಹೇಳಲಿ ಎಂದು ಪಿಸುಗುಟ್ಟಿತು. ಆ ದನಿ ಯಾರದೆಂದು ಅವಳು ಇವತ್ತಿನವರೆಗೂ ಗಂಡನಿಗೂ ಹೇಳಿಲ್ಲ.

ಅವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಬೋರ್ಡಿನ ಕಾಲದಲ್ಲಿ ಅವಳು ಬರೀ ದಾರಿ. ಮಾತು ಅವಳನ್ನು ದಾಟಿ ಇನ್ಯಾರಿಗೋ ಹೋಗುತ್ತಿತ್ತು. ಈಗ ಮಾತು ಅವಳಿಗೇ ಬರುತ್ತಿತ್ತು. ಸಂಜೆ ಡಾಕ್ಟರು ಅಂಕಗಳನ್ನು ಗೋಡೆಗೆ ಅಂಟಿಸಿದ ದೊಡ್ಡ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದರು. ಮೊದಲ ಸುತ್ತಿನಲ್ಲಿ ಒಂದೇ ಮೂಲೆಯಲ್ಲಿ ಇರುವೆ ಮುತ್ತಿದ ಹಾಗೆ ಇದ್ದ ಚುಕ್ಕಿಗಳು ಈಗ ಕಾಗದದ ತುಂಬ ಹರಡಿಕೊಂಡವು. “ನೋಡಿ ಅಕ್ಕ, ಈಗ ಇದು ಆಸ್ಪತ್ರೆ ಥರ ಕಾಣ್ತಿದೆ” ಎಂದು ಡಾಕ್ಟರು ಮಕ್ಕಳ ಹಾಗೆ ಸಂಭ್ರಮಪಟ್ಟರು.

ಎರಡನೇ ವಾರದ ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಎತ್ತಿ ಹಲೋ ಎಂದಳು. ಆಚೆಯಿಂದ ಮಾತಿಲ್ಲ. ಒಂದು ಉಸಿರು ಮಾತ್ರ, ಮೂಗಿನ ತುದಿಯಲ್ಲಿ ಸಣ್ಣಗೆ ತಡೆದು ಬರುವ ಉಸಿರು. ಚಿಕ್ಕಂದಿನಲ್ಲಿ ನೆಗಡಿಯಾದಾಗಲೆಲ್ಲ ಆ ಮೂಗನ್ನು ಒರೆಸಿದವಳು ಅವಳೇ. ಆದರೂ ಬಾಯಿಪಾಠವಾಗಿದ್ದ ಮಾತನ್ನು ಹೇಳಿದಳು.

“ಈ ಕಡೆ ಮಾತಾಡ್ತಿರೋರಿಗೆ ನಿಮ್ಮ ದನಿ ಗುರುತು ಸಿಗಬಹುದು. ಇಲ್ಲಿ ಹೇಳಿದ್ದು ಹೆಸರಿನ ಜೊತೆ ಹೊರಗೆ ಹೋಗಲ್ಲ. ಬೇಡ ಅನ್ನಿಸಿದ್ರೆ ಈಗಲೇ ಫೋನ್ ಇಡಬಹುದು.”

“ಗೊತ್ತು” ಎಂದಿತು ಆ ಕಡೆಯ ದನಿ. “ಕೇಳಿ.”

ಹುಟ್ಟಿದಾಗಿನಿಂದ ತಂಗಿ ಅವಳಿಗೆ ‘ಕೇಳೇ’ ಎಂದಿದ್ದಳು, ‘ಹೋಗೇ’ ಎಂದಿದ್ದಳು, ಸಿಟ್ಟು ಬಂದಾಗ ಇನ್ನೂ ಏನೇನೋ ಎಂದಿದ್ದಳು. ‘ಕೇಳಿ’ ಎಂದದ್ದು ಅದೇ ಮೊದಲು. ಆ ಒಂದು ಗೌರವದ ಮಾತಿನಿಂದ ಹಲೋ ಅಕ್ಕನಿಗೆ ಎಲ್ಲ ಅರ್ಥವಾಯಿತು. ಈ ಕಡೆ ಕೂತಿರುವವಳು ಅಕ್ಕ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ಅಕ್ಕನಿಗೆ ಹೇಳಲಾಗದ್ದನ್ನು ಆಪರೇಟರಿಗೆ ಹೇಳಲು ಬಂದಿದ್ದಾಳೆ.

ಕುರ್ಚಿಯಲ್ಲಿ ನೆಟ್ಟಗೆ ಕೂತು ಮೊದಲ ಪ್ರಶ್ನೆ ಕೇಳಿದಳು. ಈ ಲಸಿಕೆ ಕಾಯಿಲೆಯನ್ನು ತಡೆಯುತ್ತೆ ಅಂತ ನೀವು ಎಷ್ಟು ನಂಬ್ತೀರಿ? ನಾಲ್ಕು ಎಂದು ಬಂತು. ತಂದು, ತಣ್ಣಗಿಟ್ಟು, ಕೊಡುವವರ ಮೇಲೆ? ಐದು. ಮೂರನೆಯದು, ನಿಮ್ಮ ದೇಹಕ್ಕೆ ಇದು ಸುರಕ್ಷಿತ ಅನ್ನೋದನ್ನ? ಎರಡು ಎಂದಿತು ದನಿ.

“ನಿಮ್ಮ ಮನೆಯವರಿಗೆ ಇದನ್ನ ಹಾಕಿಸ್ಕೊಳ್ಳಿ ಅಂತ ಹೇಳ್ತೀರಾ? ಒಂದರಿಂದ ಐದು.”

“ಐದು. ನಮ್ಮಕ್ಕಂಗೆ ಹೋದ ವರ್ಷ ನಾನೇ ಕೈ ಹಿಡ್ಕೊಂಡು ಹೋಗಿ ಹಾಕಿಸಿದೀನಿ.”

“ಉತ್ತರಕ್ಕೆ ಥ್ಯಾಂಕ್ಸ್. ಐದನೇ ಪ್ರಶ್ನೆ. ನೀವು ಈ ವರ್ಷ ಹಾಕಿಸ್ಕೊಳ್ತೀರಾ?”

“ಒಂದು.”

ಕೊನೆಯಲ್ಲಿ ಎಲ್ಲರಿಗೂ ಕೇಳುವಂತೆ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದಳು. ಆಗ ತಂಗಿ ಹೇಳತೊಡಗಿದಳು. ಎರಡು ವರ್ಷದ ಹಿಂದೆ ಹಾಕಿಸಿಕೊಂಡಿದ್ದಳು. ಅದಾದ ಕೆಲವು ವಾರಕ್ಕೆ ಹೊಟ್ಟೆಯಲ್ಲಿದ್ದದ್ದು ಹೋಯಿತು.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಂಗೊತ್ತು. ದಿನಾ ತಾಯಂದಿರಿಗೆ ಅದನ್ನೇ ಹೇಳೋ ಕೆಲಸ ನಂದು. ಅದಕ್ಕೂ ಮುಂಚೆ ಒಂದು ಸಲ ಹೋದಾಗ ಯಾವ ಲಸಿಕೆನೂ ಹಾಕಿಸ್ಕೊಂಡಿರಲಿಲ್ಲ, ಅದೂ ಗೊತ್ತು. ತಲೆಗೆ ಎಲ್ಲ ಗೊತ್ತು. ಹೊಟ್ಟೆಗೆ ಹೇಳಿದ್ರೆ ಕೇಳಲ್ಲ.” ಮಾತು ಮುಂದುವರಿಸಿದಳು. “ಈಗ ಮೂರನೇ ತಿಂಗಳು. ಗಂಡನ್ನ ಬಿಟ್ರೆ ಯಾರಿಗೂ ಹೇಳಿಲ್ಲ. ಅಕ್ಕಂಗೂ ಹೇಳಿಲ್ಲ. ಹೇಳಿದ್ರೆ ಅವಳು ಕುಣಿದಾಡ್ತಾಳೆ. ಆಮೇಲೆ ಏನಾದ್ರೂ ಆದ್ರೆ, ನನ್ನ ದುಃಖ ನಾನು ಹೇಗೋ ತಡ್ಕೋತೀನಿ, ಅವಳ ಮುಖ ನೋಡೋಕಾಗಲ್ಲ.”

ಹಲೋ ಅಕ್ಕನ ಕಣ್ಣು ತುಂಬಿ ಮೇಜು ಮಸುಕಾಯಿತು. ಬಾಯಿಯವರೆಗೆ ಬಂದ ಅಯ್ಯೋ ಕೂಸೇ ಎಂಬ ಮಾತನ್ನು ನುಂಗಿದಳು. ಅವಳು ಕಲಿತ ವಿದ್ಯೆಯೆಲ್ಲ ಆ ಒಂದು ಗುಟುಕಿಗೆ ಬೇಕಾಯಿತು.

“ಹೇಳಿದ್ದಕ್ಕೆ ಥ್ಯಾಂಕ್ಸ್. ಬರ್ಕೊಂಡಿದೀನಿ” ಎಂದಳು, ಎಲ್ಲರಿಗೂ ಹೇಳಿದ ಅದೇ ದನಿಯಲ್ಲಿ.

“ಸರಿಯಾಗಿ ಬರ್ಕೊಳ್ಳಿ” ಎಂದು ಆ ಕಡೆ ಫೋನ್ ಇಟ್ಟಿತು.

ಹಲೋ ಅಕ್ಕ ಎದ್ದು ಬಾಗಿಲ ಚಿಲಕ ಹಾಕಿದಳು. ಹಾಕಿ, ಐವತ್ತು ದಾಟಿದ ಹೆಂಗಸು ಒಬ್ಬಳೇ ಆ ಸಣ್ಣ ಕೋಣೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ಕುಣಿದೇಬಿಟ್ಟಳು. ತಂಗಿ ಹೇಳಿದ್ದು ಸುಳ್ಳಾಗಬಾರದಲ್ಲ. ಆಮೇಲೆ ಮುಖ ತೊಳೆದುಕೊಂಡು ಬಂದು ಮುಂದಿನ ಫೋನೆತ್ತಿದಳು.

ಕಷ್ಟ ಶುರುವಾದದ್ದು ಮನೆಯಲ್ಲಿ. ಸಂಜೆ ತಂಗಿ ಎಂದಿನಂತೆ ಟೀ ಕುಡಿಯಲು ಬಂದಳು. ಅಕ್ಕ ಸಕ್ಕರೆಯ ಬದಲು ಉಪ್ಪು ಹಾಕಿದಳು. ತಂಗಿ ಒಂದು ಗುಟುಕು ಕುಡಿದು, ಏನೂ ಅನ್ನದೆ ಲೋಟ ಕೆಳಗಿಟ್ಟಳು. ಇಬ್ಬರೂ ಹವೆಯ ಬಗ್ಗೆ ಮಾತಾಡಿದರು. ಜೀವಮಾನದಲ್ಲಿ ಅವರು ಹವೆಯ ಬಗ್ಗೆ ಮಾತಾಡಿದವರಲ್ಲ. ಗಂಡನಿಗೆ ಏನೋ ವಾಸನೆ ಬಡಿದು, ರಾತ್ರಿ ಊಟಕ್ಕೆ ಕೂತಾಗ ಏನು ವಿಷಯ ಎಂದು ಎರಡು ಮೂರು ಸಲ ಕೆದಕಿದ. ಅವಳಿಗೆ ಹೊಟ್ಟೆ ಉಬ್ಬಿಕೊಂಡು ಬಂದಿತ್ತು. ಆದರೂ ಹೇಳಲಿಲ್ಲ. ಭಾರದ ಚೀಲ ಹೊತ್ತಿದ್ದಾಳೆಂದು ಮುಂದೆ ಮುಂದೆ ಓಡಿಹೋಗಿ ತಂಗಿಯ ಕೈಯಿಂದ ಕಸಿದುಕೊಳ್ಳುವುದು, ಮೆಟ್ಟಿಲು ಹತ್ತುವಾಗ ಹಿಂದೆಯೇ ನಿಲ್ಲುವುದು, ಇಷ್ಟು ಮಾತ್ರ ತಡೆಯಲಾಗಲಿಲ್ಲ. ತಂಗಿ ಚೀಲ ಕೊಟ್ಟುಬಿಡುತ್ತಿದ್ದಳು, ಯಾಕೆ ಎಂದು ಕೇಳುತ್ತಿರಲಿಲ್ಲ.

ಫೋನಿನ ಸುತ್ತು ಮುಗಿದು ಲೆಕ್ಕ ಕೂಡಿಸಿದಾಗ, ಪೂರ್ತಿ ನಂಬಿಕೆ ಎಂದವರು ನೂರಕ್ಕೆ ನಲವತ್ತೊಂದು. ಪ್ರಶ್ನೆ ಡಾಕ್ಟರಿಗೆ ಹಬ್ಬ. ಸುಳ್ಳಿನ ತೊಂಬತ್ತಾರಿಗಿಂತ ನಿಜದ ನಲವತ್ತೊಂದು ಮೇಲು, ಎಲ್ಲಿ ನಿಂತಿದ್ದೇವೆಂದು ಗೊತ್ತಾದರೆ ತಾನೇ ಮುಂದೆ ನಡೆಯಬಹುದು ಎಂದು ಅವರು ಕುಣಿಯುತ್ತಾ ಸೂಪರಿಂಟೆಂಡೆಂಟರ ಕೋಣೆಗೆ ಹೋದರು, ಹಲೋ ಅಕ್ಕನನ್ನೂ ಕರೆದುಕೊಂಡು.

ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಆಸ್ಪತ್ರೆಯ ಹೆಸರೆಂದರೆ ಅವರಿಗೆ ಪ್ರಾಣ, ಅಷ್ಟೇ. ಕಾಗದ ನೋಡುತ್ತಿದ್ದಂತೆ ಮುಖ ಕಪ್ಪಿಟ್ಟಿತು. ಇದು ಹೊರಗೆ ಹೋದರೆ ರೋಗಿಗಳು ಏನೆಂದುಕೊಳ್ಳುತ್ತಾರೆ ಎಂದರು. ಹೀಗೆ ಹೇಳಿದವರಲ್ಲಿ ಡಾಕ್ಟರುಗಳು ಎಷ್ಟು ಮಂದಿ, ಯಾರು ಯಾರು ಎಂದು ಕೇಳಿದರು. ಹೆಸರು ಕೇಳಿಲ್ಲ, ಬರೆದೂ ಇಲ್ಲ ಎಂದರು ಪ್ರಶ್ನೆ ಡಾಕ್ಟರು. ಆಗ ಸೂಪರಿಂಟೆಂಡೆಂಟರ ನೋಟ ಹಲೋ ಅಕ್ಕನ ಕಡೆ ತಿರುಗಿತು.

“ನಿಮಗೆ ಎಲ್ಲರ ದನೀನೂ ಗೊತ್ತಲ್ಲಮ್ಮ. ನೀವು ಹೇಳಿ. ಯಾರಿಗೂ ಶಿಕ್ಷೆ ಕೊಡಲ್ಲ. ಕರೆದು ಬುದ್ಧಿ ಹೇಳ್ತೀನಿ, ಅಷ್ಟೇ.”

ಇಷ್ಟು ವರ್ಷ ಆ ಕೋಣೆಗೆ ಅವಳು ಲೈನ್ ಕೊಟ್ಟಿದ್ದಳೇ ಹೊರತು ಒಳಗೆ ಬಂದಿರಲಿಲ್ಲ. ಎದುರಿಗೆ ಕೂತವರು ಮನಸ್ಸು ಮಾಡಿದರೆ ಅವಳನ್ನು ಮತ್ತೆ ಛತ್ರಿ ಚಪ್ಪಲಿ ಕಾಯಲು ಕಳಿಸಬಹುದಿತ್ತು.

“ಸಾರ್, ನಾನು ಆಪರೇಟರ್” ಎಂದಳು. “ಲೈನ್ ಕೊಡ್ತೀನಿ, ಮಾತು ಕೊಡಲ್ಲ. ಒಬ್ಬರದು ಹೇಳಿದ್ರೆ ಎಲ್ಲರದೂ ಹೇಳಬೇಕಾಗುತ್ತೆ. ಫೋನ್ ಮಾಡಿದೋರೆಲ್ಲರದೂ.”

ಚೀಟಿಯ ಡಬ್ಬಿ ಈ ಕೋಣೆಗೂ ಬಂದಿತ್ತು. ಸೂಪರಿಂಟೆಂಡೆಂಟರೂ ಕೈಹಾಕಿ ಚೀಟಿ ಎತ್ತಿದ್ದರು, ಅವರೂ ಫೋನ್ ಮಾಡಿದ್ದರು. ಏನು ಹೇಳಿದ್ದರೆಂಬುದು ಅವರಿಗೆ ಗೊತ್ತು, ಹಲೋ ಅಕ್ಕನಿಗೆ ಗೊತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ತುಟಿಯ ಅಂಚಿನಲ್ಲಿ ನಗುವೋ ಏನೋ ಒಂದು ಬಂದುಹೋಯಿತು.

“ಸರಿ” ಎಂದರು ಕೊನೆಗೆ. “ಯಾರು ಅಂತ ಬೇಡ. ಯಾಕೆ ಅಂತ ಹೇಳಿ.”

ಮುಂದಿನ ಒಂದು ತಿಂಗಳು ಆ ಆಸ್ಪತ್ರೆಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಲಸಿಕೆಯ ಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟು ವಾರ್ಡು ವಾರ್ಡಿಗೆ ತಳ್ಳಿಕೊಂಡು ಹೋದರು. ಮರುದಿನ ಮೈ ಬಿಸಿಯಾಗಿ ಮನೆಯಲ್ಲುಳಿದರೆ ಆ ದಿನವನ್ನು ಯಾರ ರಜದಲ್ಲೂ ಹಿಡಿಯುವುದಿಲ್ಲ ಎಂದು ಆದೇಶವಾಯಿತು. ಔಷಧಿ ಉಗ್ರಾಣದವರು ಬಟ್ಟೆ ಒಗೆಯುವ ವಿಭಾಗಕ್ಕೇ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಮುಚ್ಚಳ ತೆಗೆದು, ಬಾಟಲಿಯ ಮೇಲಿನ ತಾರೀಖು ತೋರಿಸಿದರು. ಸೂಪರಿಂಟೆಂಡೆಂಟರು ಅದೇ ಪೆಟ್ಟಿಗೆಯಿಂದ, ಅಲ್ಲೇ ಒದ್ದೆ ಬಟ್ಟೆಗಳ ನಡುವೆ ತೋಳು ಮಡಿಸಿ ನಿಂತು ಹಾಕಿಸಿಕೊಂಡರು. ಊಟದ ಹೊತ್ತಿನಲ್ಲಿ ಪ್ರಶ್ನೆ ಡಾಕ್ಟರು ಕೆಳಗಿನ ಹಾಲಿನಲ್ಲಿ ಕೂರುತ್ತಿದ್ದರು. ಯಾರು ಏನು ಬೇಕಾದರೂ ಕೇಳಬಹುದು, ಕೇಳಿದ್ದಕ್ಕೆ ಯಾರೂ ನಗುವಂತಿಲ್ಲ. ಅವರಿಗೆ ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಎನ್ನುತ್ತಿದ್ದರು, ಮರುದಿನ ತಿಳಿದುಕೊಂಡು ಬರುತ್ತಿದ್ದರು. ಗುಂಪಿನಲ್ಲಿ ಕೇಳಲಾಗದವರಿಗೆ ಹೆರಿಗೆ ವಿಭಾಗದ ಹಿರಿಯ ಡಾಕ್ಟರಮ್ಮ ವಾರಕ್ಕೊಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಾತಾಡಲು ಒಪ್ಪಿದರು.

ಒಂದು ಭಾನುವಾರ ಬೆಳಿಗ್ಗೆ ಹಲೋ ಅಕ್ಕ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಳು. ತಂಗಿ ಮೆಟ್ಟಿಲು ಹತ್ತಿ ಬಂದು ಹಗ್ಗದ ಆ ಕಡೆ ನಿಂತಳು. ನಡುವೆ ಒದ್ದೆ ಬೆಡ್‌ಶೀಟು.

“ಭಾವಂಗೆ ಹೇಳಿದ್ಯಾ?”

“ಏನನ್ನ?”

“ಸಾಕು ನಾಟಕ. ಉಪ್ಪಿನ ಟೀ ಕುಡಿಸಿದ್ಯಲ್ಲ, ಅದನ್ನ.”

“ಯಾರಿಗೂ ಹೇಳಿಲ್ಲ ಕಣೇ. ನಿನ್ನಾಣೆ.”

ಬೆಡ್‌ಶೀಟಿನ ಆಚೆ ತಂಗಿ ನಗತೊಡಗಿದಳು. “ನಿನ್ನ ಜನ್ಮದಲ್ಲಿ ಮೊದಲನೇ ಸಲ ಒಂದು ಮಾತು ಹೊಟ್ಟೇಲಿಟ್ಕೊಂಡಿದ್ದೀಯ. ಅದಕ್ಕೇ ನಿಂಗೆ ಹೇಳ್ಬೇಕು ಅನ್ನಿಸ್ತು.” ನಗುತ್ತಾ ನಗುತ್ತಾ ಅಳುವೂ ಬಂತು. ಅಕ್ಕ ಬೆಡ್‌ಶೀಟು ಸರಿಸಿ ಅವಳನ್ನು ಅಪ್ಪಿಕೊಂಡಳು. ತಂಗಿಯ ಬೆನ್ನೆಲ್ಲ ಒದ್ದೆಯಾಯಿತು.

ಡಾಕ್ಟರಮ್ಮನ ಹತ್ತಿರ ಎರಡು ಸಲ ಹೋಗಿ ಬಂದಿದ್ದಳಂತೆ. ಅವರು ಬುದ್ಧಿ ಹೇಳಲಿಲ್ಲವಂತೆ. ಮೊದಲನೆಯದು ಹೇಗೆ ಹೋಯಿತು, ಎರಡನೆಯದು ಹೇಗೆ ಎಂದು ಪೂರ್ತಿ ಹೇಳಿಸಿಕೊಂಡು, ಹಳೇ ವರದಿಗಳನ್ನೆಲ್ಲ ಮುಂದೆ ಹರಡಿ, ಒಂದೊಂದಕ್ಕೂ ಕಾರಣ ತೋರಿಸಿದರಂತೆ. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೂತು ಕೇಳಿರಲಿಲ್ಲ ಎಂದಳು ತಂಗಿ. ಬಸುರಿನಲ್ಲಿ ಫ್ಲೂ ಬಂದರೆ ಆಗುವ ಅಪಾಯವೇ ಹೆಚ್ಚು ಎಂಬುದು ಮೊದಲೂ ಗೊತ್ತಿತ್ತು. ಈಗ ಅದು ಹೊಟ್ಟೆಗೂ ಸ್ವಲ್ಪ ಸ್ವಲ್ಪ ಕೇಳಿಸುತ್ತಿದೆ ಎಂದಳು. ಸೋಮವಾರ ಹಾಕಿಸಿಕೊಳ್ಳುತ್ತೇನೆ, ಆದರೆ ಒಬ್ಬಳೇ ಹೋಗುವುದಿಲ್ಲ ಎಂದಳು.

ಸೋಮವಾರ ಗಾಡಿ ಮಕ್ಕಳ ವಾರ್ಡಿಗೆ ಬಂದಾಗ ಹಲೋ ಅಕ್ಕ ತಂಗಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಸೂಜಿ ಚುಚ್ಚುವಾಗ ತಂಗಿ ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಂದು ಬಗ್ಗಿತು. ಮಂಚದ ಮೇಲಿದ್ದ ಮಕ್ಕಳೆಲ್ಲ ಎದ್ದು ಕೂತು, ದಿನಾ ತಮಗೆ ಚುಚ್ಚುವ ಸಿಸ್ಟರಿಗೇ ಚುಚ್ಚುತ್ತಿರುವುದನ್ನು ಕಣ್ತುಂಬ ನೋಡಿದವು. ಒಬ್ಬ ಪುಟಾಣಿ ಚಪ್ಪಾಳೆಯನ್ನೂ ತಟ್ಟಿದ.

ಮುಂದಿನ ದಿನಗಳು ಹೆದರಿಕೆಯಿಲ್ಲದೆ ಹೋದವೆಂದೇನಲ್ಲ. ಪ್ರತಿ ಬೆಳಿಗ್ಗೆ ಗೋಡೆಯಾಚೆಯಿಂದ ತಂಗಿಯ ಕೆಮ್ಮೋ, ಪಾತ್ರೆಯ ಸದ್ದೋ ಕೇಳಿಸುವವರೆಗೆ ಅಕ್ಕ ಒಲೆ ಹಚ್ಚುತ್ತಿರಲಿಲ್ಲ. ಆದರೆ ತಿಂಗಳುಗಳು ಒಂದರ ಹಿಂದೆ ಒಂದು ನೆಟ್ಟಗೆ ನಡೆದವು. ತುಂಬಿದ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು. ಅದರ ಮೊದಲ ಅಳುವನ್ನು ಹೆರಿಗೆ ಕೋಣೆಯ ಬಾಗಿಲಾಚೆ ನಿಂತು ಕೇಳಿದ ಹಲೋ ಅಕ್ಕ, ಈ ದನಿಗೆ ಆಪರೇಟರ್ ಕೆಲಸ ಖಂಡಿತ ಸಿಗುತ್ತೆ ಎಂದಳು. ಗಂಡ, ಬೇಡ ಮಾರಾಯ್ತಿ, ಮನೆಗೆ ಒಬ್ಬಳು ಸಾಕು ಎಂದ.

ಆ ವರ್ಷ ಮತ್ತೊಮ್ಮೆ ಅಳೆದಾಗ ನಲವತ್ತೊಂದು ಎಪ್ಪತ್ತರ ಹತ್ತಿರ ಬಂದಿತ್ತು. ಉಳಿದವರು ಉಳಿದಿದ್ದರು. ಅವರನ್ನು ಯಾರೂ ಬೈಯಲಿಲ್ಲ, ಬಿಡಲೂ ಇಲ್ಲ. ಮುಂಬಾಗಿಲಲ್ಲಿ ಬೋರ್ಡು ಹಾಕಿಸುವ ಮಾತು ಮಾತ್ರ ಮತ್ತೆ ಬರಲಿಲ್ಲ. ಸುದ್ದಿ ಹರಡಿ ಬೇರೆ ಆಸ್ಪತ್ರೆಗಳವರು, ನಮ್ಮಲ್ಲೂ ಹೀಗೇ ಅಳೆಯಬೇಕು, ಕೇಳುವುದನ್ನು ಕಲಿಸಲು ನಿಮ್ಮವರನ್ನು ಕಳಿಸಿ ಎಂದರು. ಪ್ರಶ್ನೆ ಡಾಕ್ಟರು ಲೆಕ್ಕ ಕಲಿಸಲು ಹೊರಟರು, ಹಲೋ ಅಕ್ಕ ಕಿವಿ ಕಲಿಸಲು. ಗಂಡ ತನ್ನ ಡಿಪೋದ ಬಸ್ಸಿನಲ್ಲೇ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ.

ಮೊದಲ ಊರಿನಲ್ಲಿ ಎಂಟು ಹೆಣ್ಣುಮಕ್ಕಳು ಅವಳೆದುರು ಸಾಲಾಗಿ ಕೂತಿದ್ದರು. ಅವಳು ಐದೂ ಪ್ರಶ್ನೆಗಳನ್ನು ಕೇಳಿ ತೋರಿಸಿದಳು, ಹೂಂ ಅನ್ನದಿರುವುದು ಹೇಗೆಂದು ಹೇಳಿಕೊಟ್ಟಳು. ಹಿಂದಿನ ಸಾಲಿನವಳೊಬ್ಬಳು ಕೈಯೆತ್ತಿ, ಆಚೆಯವರು ಎದೆ ಒಡೆಯುವಂಥದ್ದು ಹೇಳಿದರೆ ನಾವು ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ಕೇಳಿದಳು.

“ಮುಖ ಏನು ಬೇಕಾದ್ರೂ ಮಾಡ್ಕೊಳ್ಳಲಿ ಕಣಮ್ಮ, ಅಳು, ನಗು, ಕುಣಿ. ಫೋನಲ್ಲಿ ಕಾಣಲ್ಲ” ಎಂದಳು ಹಲೋ ಅಕ್ಕ. “ದನಿ ಒಂದು ನೆಟ್ಟಗಿರಲಿ. ಬಾ, ನೀನೇ ಮೊದಲು. ನನ್ನನ್ನ ಕೇಳು.”